ಎರಡು ಕಾಯಿಲೆಗಳೋ, ಮೂರೋ? ಕರುಳಿನ ಉರಿಯೂತದ ಬಗ್ಗೆ ಜೀನುಗಳು ಹೇಳುವುದೇನು

ಇವತ್ತಿನ ಮಾತು ಎರಡು ಕಾಯಿಲೆಗಳ ಕುರಿತದ್ದು. ಒಂದು ಕ್ರೋನ್ಸ್ ಕಾಯಿಲೆ, ಇನ್ನೊಂದು ಅಲ್ಸರೇಟಿವ್ ಕೊಲೈಟಿಸ್. ಇವೆರಡನ್ನೂ ಸೇರಿಸಿ ವೈದ್ಯರು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ, ಎನ್ನುತ್ತಾರೆ. ನಿಮ್ಮಲ್ಲಿ ಕೆಲವರು ಐಬಿಎಸ್ ಎಂಬ ಹೆಸರನ್ನು ಹೆಚ್ಚಾಗಿ ಕೇಳಿರಬಹುದು. ಅದು ಬೇರೆಯೇ ತೊಂದರೆ. ಅದರಲ್ಲಿ ಕರುಳಿನ ಗೋಡೆಯ ಮೇಲೆ ಹುಣ್ಣಾಗಲಿ ಊತವಾಗಲಿ ಕಾಣುವುದಿಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಟ್ಟುಬಿಡೋಣ. ಐಬಿಡಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ಮೇಲೆ ಅತಿಯಾಗಿ ಹರಿಹಾಯುತ್ತದೆ, ಮತ್ತು ಆ ಜಗಳದಲ್ಲಿ ಕರುಳೇ ಗಾಯಗೊಳ್ಳುತ್ತದೆ. ನಾನು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ: ಈ ಎರಡು ಹೆಸರುಗಳ ನಡುವೆ ವೈದ್ಯರು ಎಳೆದಿರುವ ಗೆರೆಯನ್ನು ನಮ್ಮ ಜೀನುಗಳೂ ಒಪ್ಪುತ್ತವೆಯೇ?

ಆ ಗೆರೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯೊಂದನ್ನು ಬಣ್ಣಿಸಿದರು. ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರಿನ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ಅಂದರೆ ಇಲಿಯಂನಲ್ಲಿ, ಕಾಣಿಸಿಕೊಳ್ಳುವ ಉರಿಯೂತವನ್ನು ವಿವರಿಸಿದರು. ಲೇಖಕರ ಪಟ್ಟಿಯಲ್ಲಿ ಮೊದಲು ಬಂದ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಆಗ ಲೆಕ್ಕ ಸುಲಭವಾಗಿತ್ತು: ಸಣ್ಣ ಕರುಳಿನದ್ದು ಕ್ರೋನ್ಸ್, ದೊಡ್ಡ ಕರುಳಿನದ್ದು ಕೊಲೈಟಿಸ್.

ಈ ಸುಲಭದ ಲೆಕ್ಕ ಕೆಟ್ಟದ್ದು 1960ರಲ್ಲಿ. ಲಾಕ್‌ಹಾರ್ಟ್-ಮಮ್ಮರಿ ಮತ್ತು ಮಾರ್ಸನ್ ಎಂಬಿಬ್ಬರು, ಕ್ರೋನ್ಸ್ ಕಾಯಿಲೆ ದೊಡ್ಡ ಕರುಳಿನಲ್ಲೂ ಇರಬಲ್ಲದು, ಮತ್ತು ಅದು ಅಲ್ಸರೇಟಿವ್ ಕೊಲೈಟಿಸ್‌ನಿಂದ ಬೇರೆಯಾದದ್ದು ಎಂದು ತೋರಿಸಿದರು. ಅಲ್ಲಿಂದ ಮುಂದೆ ಕಾಯಿಲೆಯ ಜಾಗಕ್ಕಿಂತ ಅದರ ಸ್ವರೂಪವೇ ಮುಖ್ಯವಾಯಿತು. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಮೇಲಕ್ಕೆ, ನಡುವೆ ಎಲ್ಲೂ ಬಿಡದೆ, ಹಬ್ಬುತ್ತದೆ ಮತ್ತು ಒಳಪದರವಾದ ಲೋಳೆಪೊರೆಯಲ್ಲೇ ಉಳಿಯುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ, ಅಲ್ಲಲ್ಲಿ ಬಿಟ್ಟುಬಿಟ್ಟು ಬರುತ್ತದೆ ಮತ್ತು ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಕೊರೆಯುತ್ತದೆ. ಅದರಿಂದಲೇ ಕರುಳು ಕಿರಿದಾಗುವುದು, ಒಂದು ಭಾಗದಿಂದ ಇನ್ನೊಂದಕ್ಕೆ ಸುರಂಗದಂತೆ ದಾರಿಯಾಗುವುದು ಇತ್ಯಾದಿ ತೊಡಕುಗಳು ಕ್ರೋನ್ಸ್‌ನಲ್ಲಿ ಹೆಚ್ಚು. ಕಾಯಿಲೆ ದೊಡ್ಡ ಕರುಳಿಗೆ ಸೀಮಿತವಾದಾಗ ಕೆಲವರಲ್ಲಿ, ಕೊಲೊನೋಸ್ಕೋಪಿ ಮಾಡಿ, ಬಯಾಪ್ಸಿ ತೆಗೆದು ನೋಡಿದರೂ, ಇದು ಯಾವುದು ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಈ ಹೇಳಲಾಗದವರ ಗುಂಪನ್ನು ನೆನಪಿನಲ್ಲಿಡಿ. ಮುಂದೆ ಅವರ ವಿಷಯ ಮತ್ತೆ ಬರುತ್ತದೆ.

ಈ ಗೆರೆಯನ್ನು ಎಳೆದದ್ದು ಕಣ್ಣು ಮತ್ತು ಸೂಕ್ಷ್ಮದರ್ಶಕ. ಕಾಯಿಲೆಯ ಕಾರಣವನ್ನು ತಿಳಿದು ಎಳೆದ ಗೆರೆಯಲ್ಲ ಅದು. ಕಾರಣದ ಕಡೆಯಿಂದ ಬಂದ ಮೊದಲ ಗಟ್ಟಿ ಸುಳಿವು ಅವಳಿಗಳದ್ದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಒಂದೇ ಆಗಿರುವುದರಿಂದ, ಒಬ್ಬರಿಗೆ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಬರುತ್ತದೆಯೇ ಎಂದು ನೋಡಿದರೆ ಜೀನುಗಳ ಪಾಲು ಎಷ್ಟೆಂಬ ಅಂದಾಜು ಸಿಗುತ್ತದೆ. 1988ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಅಂಥ ಅವಳಿಗಳ ಪೈಕಿ ಕ್ರೋನ್ಸ್ ಇದ್ದ 18 ಜೋಡಿಗಳಲ್ಲಿ 8 ಜೋಡಿಗಳಲ್ಲಿ ಇಬ್ಬರಿಗೂ ಕಾಯಿಲೆಯಿತ್ತು. ಅಲ್ಸರೇಟಿವ್ ಕೊಲೈಟಿಸ್ ಇದ್ದ 16 ಜೋಡಿಗಳಲ್ಲಿ ಇಬ್ಬರಿಗೂ ಕಾಯಿಲೆಯಿದ್ದದ್ದು ಒಂದೇ ಒಂದು ಜೋಡಿಯಲ್ಲಿ. ಸಂಖ್ಯೆಗಳು ಚಿಕ್ಕವು, ನಿಜ. ಆದರೆ ಬೇರೆ ದೇಶಗಳಲ್ಲಿ ನಂತರ ನಡೆದ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿದವು: ಕ್ರೋನ್ಸ್‌ನಲ್ಲಿ ಆನುವಂಶಿಕತೆಯ ಪಾಲು ಹೆಚ್ಚು, ಕೊಲೈಟಿಸ್‌ನಲ್ಲಿ ಕಡಿಮೆ.

ಈ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಹಾಗೆ ಓದುವವರು ಕಡಿಮೆ ಎಂಬುದು ನನ್ನ ಆಕ್ಷೇಪ. ಜೀನುಗಳೆಲ್ಲ ಒಂದೇ ಆಗಿದ್ದೂ ಕ್ರೋನ್ಸ್‌ನ 18 ಜೋಡಿಗಳಲ್ಲಿ 10 ಜೋಡಿಗಳಲ್ಲಿ ಒಬ್ಬರು ಕಾಯಿಲೆಯಿಂದ ಪಾರಾಗಿದ್ದರು. ಹಾಗಾದರೆ ಉಳಿದ ಪಾಲು ಎಲ್ಲಿಯದು? ಕರುಳಿನ ಬ್ಯಾಕ್ಟೀರಿಯಾ, ಬಾಲ್ಯದಲ್ಲಿ ಬಂದ ಸೋಂಕುಗಳು, ಔಷಧಗಳು, ಧೂಮಪಾನ, ಇವೆಲ್ಲ ಆ ಪಾಲಿನಲ್ಲಿ ಸೇರುತ್ತವೆ. ಧೂಮಪಾನದ ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಕ್ರೋನ್ಸ್ ಬರುವ ಸಾಧ್ಯತೆಯನ್ನೂ ಬಂದ ಮೇಲೆ ಅದರ ಉಗ್ರತೆಯನ್ನೂ ಹೆಚ್ಚಿಸುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಮಾತ್ರ ಸೇದುವವರಲ್ಲಿ ಕಡಿಮೆ, ಸೇದುವುದನ್ನು ಬಿಟ್ಟವರಲ್ಲಿ ಹೆಚ್ಚು. ಇದನ್ನು ಕೇಳಿ ಯಾರೂ ಸಿಗರೇಟು ಹಚ್ಚಬೇಕಾಗಿಲ್ಲ, ಅದರ ಉಳಿದ ಕೇಡುಗಳು ಈ ಲಾಭವನ್ನು ಎಂದೋ ನುಂಗಿಹಾಕುತ್ತವೆ. ಒಂದೇ ಹೊರಗಿನ ಕಾರಣ ಎರಡು ಕಾಯಿಲೆಗಳನ್ನು ಎದುರುಬದುರು ದಿಕ್ಕಿಗೆ ತಳ್ಳಬಲ್ಲದು ಎಂಬುದಷ್ಟೇ ಇಲ್ಲಿ ನಮಗೆ ಬೇಕಾದ ಅಂಶ. ಜೀನುಗಳಲ್ಲೂ ಇಂಥದ್ದೇ ಒಂದು ಎದುರಾಗುತ್ತದೆ.

ಈಗ ಜೀನುಗಳಿಗೆ ಬರೋಣ. 1996ರಲ್ಲಿ ಜ್ಯಾಂ-ಪಿಯೆರ್ ಯುಗೋ ಮತ್ತು ಅವರ ಸಂಗಡಿಗರು, ಹಲವರಿಗೆ ಕ್ರೋನ್ಸ್ ಇದ್ದ ಕುಟುಂಬಗಳನ್ನು ಪರೀಕ್ಷಿಸಿ, 16ನೆಯ ವರ್ಣತಂತುವಿನ ಒಂದು ಭಾಗ ಕಾಯಿಲೆಯ ಜೊತೆಜೊತೆಗೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿದೆ ಎಂದು ತೋರಿಸಿದರು. ಆ ಭಾಗದೊಳಗೆ ನೂರಾರು ಜೀನುಗಳಿರುತ್ತವೆ, ಅವುಗಳಲ್ಲಿ ಅಪರಾಧಿ ಯಾವುದೆಂದು ಹುಡುಕಲು ಐದು ವರ್ಷ ಹಿಡಿಯಿತು. 2001ರಲ್ಲಿ ಯುಗೋ ಅವರ ತಂಡವೂ, ಜೂಡಿ ಚೋ ಮತ್ತು ಗೇಬ್ರಿಯೆಲ್ ನೂನ್ಯೆಜ್ ಅವರಿದ್ದ ಅಮೆರಿಕದ ತಂಡವೂ ಬೇರೆಬೇರೆ ದಾರಿಗಳಿಂದ ಒಂದೇ ಜೀನಿಗೆ ಬಂದು ತಲುಪಿದವು. ಅದರ ಹೆಸರು ನಾಡ್2. ಸಂಕೀರ್ಣ ಕಾಯಿಲೆಯೊಂದಕ್ಕೆ ಈ ರೀತಿಯಲ್ಲಿ ಸ್ಪಷ್ಟವಾದ ಜೀನೊಂದು ಸಿಕ್ಕ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಹಾಗಾಗಿ ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾಡ್2 ಜೀನಿನಿಂದ ತಯಾರಾಗುವ ಪ್ರೋಟೀನಿನಲ್ಲಿ 1040 ಅಮೈನೋ ಆಮ್ಲಗಳಿರುತ್ತವೆ. ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ಚೂರು, ಮ್ಯುರಮೈಲ್ ಡೈಪೆಪ್ಟೈಡ್ ಎಂಬುದು, ಜೀವಕೋಶದೊಳಗೆ ಬಂದಿದೆಯೇ ಎಂದು ಗುರುತಿಸುವುದು ಈ ಪ್ರೋಟೀನಿನ ಕೆಲಸ. ಗುರುತಿಸುವ ಭಾಗ ಅದರ ಬಾಲದ ಕಡೆಗಿದೆ. ಯುರೋಪಿಯನ್ ಮೂಲದ ಕ್ರೋನ್ಸ್ ರೋಗಿಗಳಲ್ಲಿ ಈ ಜೀನಿನ ಮೂರು ಮಾರ್ಪಾಡುಗಳು ಮತ್ತೆಮತ್ತೆ ಕಾಣಿಸಿಕೊಂಡವು. ಎರಡರಲ್ಲಿ ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಕುಳಿತಿದೆ ಅಷ್ಟೆ. ಮೂರನೆಯದು ಹೆಚ್ಚು ಕುತೂಹಲದ್ದು. ಅಲ್ಲಿ ಡಿಎನ್‌ಎಯ ಸಾಲಿನಲ್ಲಿ ಒಂದೇ ಒಂದು ಅಕ್ಷರ, ಒಂದು ಸೈಟೋಸಿನ್, ಹೆಚ್ಚಾಗಿ ಸೇರಿಕೊಂಡಿದೆ. ಡಿಎನ್‌ಎಯನ್ನು ಜೀವಕೋಶ ಮೂರು ಮೂರು ಅಕ್ಷರಗಳಾಗಿ ಓದುವುದರಿಂದ, ಅಂಗಿಯ ಒಂದು ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿದರೆ ಕೆಳಗಿನವೆಲ್ಲ ತಪ್ಪುವಂತೆ, ಅಲ್ಲಿಂದ ಮುಂದಿನ ಓದೆಲ್ಲ ಒಂದು ಅಕ್ಷರದಷ್ಟು ಸರಿದುಬಿಡುತ್ತದೆ. ಈ ಮಾರ್ಪಾಡಿನಲ್ಲಿ ಸರಿದ ಓದು ಕೂಡಲೇ 'ಇಲ್ಲಿಗೆ ನಿಲ್ಲಿಸು' ಎಂಬ ಸಂಕೇತವನ್ನು ಮುಟ್ಟುತ್ತದೆ. ಪರಿಣಾಮವಾಗಿ ಪ್ರೋಟೀನು 1007ಕ್ಕೇ ನಿಂತು, ಬಾಲದ 33 ಅಮೈನೋ ಆಮ್ಲಗಳು ಇಲ್ಲವಾಗುತ್ತವೆ. ಬ್ಯಾಕ್ಟೀರಿಯಾದ ಚೂರನ್ನು ಗುರುತಿಸುವ ಶಕ್ತಿ ಕುಗ್ಗುತ್ತದೆ.

ಇಲ್ಲಿ ನಿಮಗೊಂದು ಸಂಶಯ ಬರಬೇಕು, 2001ರಲ್ಲಿ ಸಂಶೋಧಕರಿಗೂ ಬಂದಿತ್ತು. ಬ್ಯಾಕ್ಟೀರಿಯಾವನ್ನು ಗುರುತಿಸಿ ಉರಿಯೂತಕ್ಕೆ ಕರೆ ಕೊಡುವ ಪ್ರೋಟೀನು ಕುರುಡಾದರೆ ಉರಿಯೂತ ಕಡಿಮೆಯಾಗಬೇಕಲ್ಲವೇ, ಹೆಚ್ಚುವುದೇಕೆ? ಇದಕ್ಕೆ ಒಂದೇ ಉತ್ತರವಿಲ್ಲ, ಆದರೆ ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ಇಲಿಯಂನ ಒಳಪದರದ ಕುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳೆಂಬ ವಿಶೇಷ ಕೋಶಗಳಿವೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪ್ರೋಟೀನುಗಳನ್ನು ಕರುಳಿನೊಳಕ್ಕೆ ಸುರಿಯುತ್ತಾ ಅವುಗಳನ್ನು ಗೋಡೆಯಿಂದ ದೂರ ಇಡುವುದು ಅವುಗಳ ಕೆಲಸ. ನಾಡ್2 ಈ ಕೋಶಗಳಲ್ಲಿ ಹೇರಳವಾಗಿದೆ. ಮೊದಲ ಹಂತದ ಈ ಸಣ್ಣ ರಕ್ಷಣೆ ಸೋತಾಗ ಬ್ಯಾಕ್ಟೀರಿಯಾಗಳು ಗೋಡೆಯೊಳಕ್ಕೆ ನುಗ್ಗುತ್ತವೆ, ಮತ್ತು ಆಗ ಎರಡನೆಯ ಹಂತದ, ಹೆಚ್ಚು ಒರಟಾದ, ಹೆಚ್ಚು ಕಾಲ ನಿಲ್ಲುವ ಪ್ರತಿಕ್ರಿಯೆ ಶುರುವಾಗುತ್ತದೆ. ಪ್ಯಾನೆತ್ ಕೋಶಗಳು ಇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಆರೋಗ್ಯವಂತರ ದೊಡ್ಡ ಕರುಳಿನ ಬಹುಭಾಗದಲ್ಲಿ ಅವು ಇರುವುದಿಲ್ಲ. ನಾಡ್2 ಮಾರ್ಪಾಡುಗಳು ಇಲಿಯಂನ ಕ್ರೋನ್ಸ್ ಜೊತೆಗೇ ಬಲವಾಗಿ ಹೆಣೆದುಕೊಂಡಿರುವುದಕ್ಕೂ ಅಲ್ಸರೇಟಿವ್ ಕೊಲೈಟಿಸ್‌ನ ಅಪಾಯವನ್ನು ಹೆಚ್ಚಿಸದಿರುವುದಕ್ಕೂ ಇದು ಒಳ್ಳೆಯ ವಿವರಣೆ ಎಂದು ನನಗೆ ತೋರುತ್ತದೆ.

ಎಷ್ಟು ಅಪಾಯ ಎಂದು ಕೇಳುತ್ತೀರಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ನಮಗೆ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವಲ್ಲ, ಅವುಗಳಲ್ಲಿ ಒಂದರಲ್ಲಿ ಮಾತ್ರ ಮಾರ್ಪಾಡು ಇದ್ದರೆ ಕ್ರೋನ್ಸ್‌ನ ಅಪಾಯ ಎರಡರಿಂದ ನಾಲ್ಕು ಪಟ್ಟಾಗುತ್ತದೆ. ಎರಡರಲ್ಲೂ ಇದ್ದರೆ ಹದಿನೈದು ಪಟ್ಟಿಗೂ ಮೀರಬಹುದು. ಕೇಳಲು ಭಯವಾಗುತ್ತದೆ. ಆದರೆ ಮೂಲ ಅಪಾಯವೇ ತೀರ ಚಿಕ್ಕದಾದ್ದರಿಂದ, ಎರಡೂ ಪ್ರತಿಗಳಲ್ಲಿ ಮಾರ್ಪಾಡು ಹೊತ್ತವರಲ್ಲೂ ಬಹುಪಾಲು ಜನರಿಗೆ ಜೀವಮಾನದಲ್ಲಿ ಕ್ರೋನ್ಸ್ ಬರುವುದಿಲ್ಲ. ಪಟ್ಟುಗಳ ಲೆಕ್ಕ ಮತ್ತು ನಿಜವಾದ ಸಾಧ್ಯತೆಯ ಲೆಕ್ಕ, ಇವೆರಡನ್ನು ಬೆರೆಸಿದಷ್ಟು ಗೊಂದಲ ಈ ಕ್ಷೇತ್ರದಲ್ಲಿ ಬೇರೆ ಯಾವುದರಿಂದಲೂ ಆಗಿಲ್ಲ.

ನಾಡ್2 ಸಿಕ್ಕ ಮೇಲೆ, ಇಂಥವೇ ಇನ್ನೂ ನಾಲ್ಕಾರು ದೊಡ್ಡ ಜೀನುಗಳು ಸಿಗುತ್ತವೆ ಎಂದು ಎಲ್ಲರೂ ಕಾದರು. ಹಾಗಾಗಲಿಲ್ಲ. ಸಿಕ್ಕದ್ದು ನೂರಾರು ಚಿಕ್ಕವು. 2006ರಿಂದ ಈಚೆಗೆ ವಿಧಾನವೂ ಬದಲಾಯಿತು: ಕುಟುಂಬಗಳನ್ನು ಬೆನ್ನುಹತ್ತುವ ಬದಲು, ಸಾವಿರಾರು ರೋಗಿಗಳ ಮತ್ತು ಸಾವಿರಾರು ಆರೋಗ್ಯವಂತರ ಡಿಎನ್‌ಎಯಲ್ಲಿ ಲಕ್ಷಾಂತರ ತಾಣಗಳನ್ನು ಒಟ್ಟಿಗೇ ಹೋಲಿಸಿ ನೋಡತೊಡಗಿದರು. 2007ರಲ್ಲಿ ಈ ದಾರಿಯಿಂದ ಎಟಿಜಿ16ಎಲ್1 ಎಂಬ ಜೀನು ಹೊರಬಂತು. ಜೀವಕೋಶ ತನ್ನೊಳಗಿನ ಹಾಳಾದ ಭಾಗಗಳನ್ನೂ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನೂ ಪೊಟ್ಟಣ ಕಟ್ಟಿ ಜೀರ್ಣಿಸಿಕೊಳ್ಳುವ ಕ್ರಿಯೆಗೆ, ಆಟೋಫೇಜಿಗೆ, ಬೇಕಾದ ಜೀನಿದು. ಅದರ 300ನೆಯ ಜಾಗದಲ್ಲಿ ಥ್ರಿಯೋನಿನ್ ಬದಲು ಅಲನಿನ್ ಇದ್ದರೆ ಕ್ರೋನ್ಸ್‌ನ ಅಪಾಯ ಸ್ವಲ್ಪ, ತೀರ ಸ್ವಲ್ಪ, ಹೆಚ್ಚುತ್ತದೆ. ಯುರೋಪಿಯನ್ ಮೂಲದವರಲ್ಲಿ ಈ ಮಾರ್ಪಾಡು ಎಷ್ಟು ಸಾಮಾನ್ಯವೆಂದರೆ ಅವರ ಆ ಜೀನಿನ ಪ್ರತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದೇ ಇದೆ. ಕಾಯಿಲೆಯ ಜೀನು ಎಂಬ ಮಾತನ್ನು ಇದಕ್ಕೆ ಬಳಸುವುದೇ ತಪ್ಪು ಎನಿಸುತ್ತದೆ. ಆದರೂ ಅದು ಹೇಳಿದ ವಿಷಯ ದೊಡ್ಡದು. ಮರುವರ್ಷವೇ, ಈ ಜೀನು ಸರಿಯಾಗಿ ಕೆಲಸ ಮಾಡದ ಇಲಿಗಳಲ್ಲಿ ಪ್ಯಾನೆತ್ ಕೋಶಗಳೇ ಕೆಟ್ಟಿರುವುದು ಕಂಡುಬಂತು. ಐಆರ್‌ಜಿಎಂ ಎಂಬ ಇನ್ನೊಂದು ಆಟೋಫೇಜಿ ಜೀನೂ ಅದೇ ಸುಮಾರಿಗೆ ಕ್ರೋನ್ಸ್ ಜೊತೆ ತಳಕು ಹಾಕಿಕೊಂಡಿತು. ಹೀಗೆ ಕ್ರೋನ್ಸ್‌ನ ಬದಿಯಲ್ಲಿ ಒಂದು ಚಿತ್ರ ಮೂಡಿತು: ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಗುರುತಿಸಿ ವಿಲೇವಾರಿ ಮಾಡುವುದರಲ್ಲಿ ಎಡವುವ ಕರುಳು.

ಅಲ್ಸರೇಟಿವ್ ಕೊಲೈಟಿಸ್‌ನ ಬದಿಯ ಚಿತ್ರ ಬೇರೆ. ಅಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಸುವ ದನಿ 6ನೆಯ ವರ್ಣತಂತುವಿನ ಎಚ್‌ಎಲ್‌ಎ ವಲಯದ್ದು. ಅಂಗಾಂಗ ಕಸಿಯ ಸಂದರ್ಭದಲ್ಲಿ ದಾನಿಗೂ ರೋಗಿಗೂ ಹೊಂದಿಸಿ ನೋಡುತ್ತಾರಲ್ಲ, ಅದೇ ಎಚ್‌ಎಲ್‌ಎ. ಪರಕೀಯ ವಸ್ತುವಿನ ತುಣುಕುಗಳನ್ನು ಹಿಡಿದು ಟಿ-ಕೋಶಗಳಿಗೆ ತೋರಿಸುವ ಪ್ರೋಟೀನುಗಳನ್ನು ಮಾಡುವುದು ಈ ಜೀನುಗಳು. ಇವುಗಳಲ್ಲಿ ಡಿಆರ್‌ಬಿ1ರ 01:03 ಎಂಬ ಅಪರೂಪದ ರೂಪ, ದೊಡ್ಡ ಕರುಳನ್ನೆಲ್ಲ ಆವರಿಸುವ, ಕೊನೆಗೆ ಶಸ್ತ್ರಚಿಕಿತ್ಸೆಯಿಂದ ಕರುಳನ್ನೇ ತೆಗೆಯಬೇಕಾಗಿ ಬರುವ ಕೊಲೈಟಿಸ್‌ನೊಂದಿಗೆ ಸೇರಿಕೊಂಡಿದೆ. ಜಪಾನಿನ ರೋಗಿಗಳಲ್ಲಿ ಅದೇ ಜೀನಿನ 15:02 ಎಂಬ ಬೇರೆ ರೂಪ ಮುಖ್ಯ. ಎಚ್‌ಎಲ್‌ಎ ಬಿಟ್ಟರೆ, 2009ರಲ್ಲಿ ಬ್ರಿಟನ್ನಿನ ಸಂಶೋಧಕರ ಒಕ್ಕೂಟ ಗುರುತಿಸಿದ ತಾಣಗಳು ಕರುಳಿನ ಒಳಪದರದ ಗಟ್ಟಿತನಕ್ಕೆ ಸಂಬಂಧಿಸಿದ ಜೀನುಗಳ ಹತ್ತಿರ ಇದ್ದವು. ಎಚ್‌ಎನ್‌ಎಫ್4ಎ ಒಳಪದರದ ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವಂಥದ್ದು, ಸಿಡಿಎಚ್1 ಕೋಶವನ್ನು ಕೋಶಕ್ಕೆ ಬೆಸೆಯುವಂಥದ್ದು, ಎಲ್‌ಎಎಂಬಿ1 ಆ ಪದರದ ಕೆಳಗಿನ ಹಾಸಿನ ಭಾಗ. 2017ರಲ್ಲಿ ಎಡಿಸಿವೈ7 ಎಂಬ ಜೀನಿನ ಒಂದು ಅಪರೂಪದ ಮಾರ್ಪಾಡು ಕೊಲೈಟಿಸ್‌ನ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು ತಿಳಿಯಿತು. ಎಚ್‌ಎಲ್‌ಎಯನ್ನು ಬಿಟ್ಟರೆ ಕೊಲೈಟಿಸ್‌ನಲ್ಲಿ ಒಂದೇ ಮಾರ್ಪಾಡಿನಿಂದ ಇಷ್ಟು ಪರಿಣಾಮ ಕಾಣುವುದು ತೀರ ಕಡಿಮೆ.

ಇಷ್ಟನ್ನು ಕೇಳಿದ ಮೇಲೆ, ಹಾಗಾದರೆ ಎರಡೂ ಬೇರೆಬೇರೆ ಕಾಯಿಲೆಗಳೇ ಎಂದು ನೀವು ತೀರ್ಮಾನಿಸುವ ಹೊತ್ತಿಗೆ, 2012ರ ಲೆಕ್ಕವನ್ನು ಮುಂದಿಡಬೇಕಾಗುತ್ತದೆ. ಆ ವರ್ಷ 75,000ಕ್ಕೂ ಹೆಚ್ಚು ಜನರ, ರೋಗಿಗಳೂ ಆರೋಗ್ಯವಂತರೂ ಸೇರಿ, ಮಾಹಿತಿಯನ್ನು ಕೂಡಿಸಿ ನಡೆಸಿದ ಅಂತರರಾಷ್ಟ್ರೀಯ ಅಧ್ಯಯನ 163 ತಾಣಗಳ ಪಟ್ಟಿ ಕೊಟ್ಟಿತು. ಅವುಗಳಲ್ಲಿ ಕ್ರೋನ್ಸ್‌ಗೆ ಮಾತ್ರ ಸೇರಿದವು 30, ಅಲ್ಸರೇಟಿವ್ ಕೊಲೈಟಿಸ್‌ಗೆ ಮಾತ್ರ ಸೇರಿದವು 23, ಎರಡಕ್ಕೂ ಸೇರಿದವು 110. ಮೂರರಲ್ಲಿ ಎರಡು ಪಾಲು ಹಂಚಿಕೊಂಡದ್ದೇ! ಆಮೇಲಿನ ಅಧ್ಯಯನಗಳಿಂದ ತಾಣಗಳ ಒಟ್ಟು ಸಂಖ್ಯೆ ಮುನ್ನೂರನ್ನು ದಾಟಿದೆ, ಆದರೆ ಹಂಚಿಕೊಂಡವೇ ಹೆಚ್ಚು ಎಂಬ ಮಾತು ಬದಲಾಗಿಲ್ಲ. ಅಷ್ಟೂ 163 ತಾಣಗಳನ್ನು ಕೂಡಿಸಿದರೂ, ಜನರ ನಡುವೆ ಕಾಯಿಲೆಯ ಒಲವಿನಲ್ಲಿರುವ ವ್ಯತ್ಯಾಸದಲ್ಲಿ ಕ್ರೋನ್ಸ್‌ಗೆ ನೂರಕ್ಕೆ 13.6ರಷ್ಟನ್ನು, ಕೊಲೈಟಿಸ್‌ಗೆ 7.5ರಷ್ಟನ್ನು ಮಾತ್ರ ವಿವರಿಸಲು ಸಾಧ್ಯವಾಗಿತ್ತು. ಅವಳಿಗಳು ಮೊದಲೇ ಸೂಚಿಸಿದ್ದ ಏರುಪೇರು ಇಲ್ಲಿಯೂ ಹಾಗೆಯೇ ಇದೆ ಎಂಬುದನ್ನು ಗಮನಿಸಿ.

ಹಂಚಿಕೊಂಡ ಜೀನುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಐಎಲ್23ಆರ್. ಇಂಟರ್‌ಲ್ಯೂಕಿನ್-23 ಎಂಬ ಸಂದೇಶವನ್ನು ಸ್ವೀಕರಿಸುವ ಪ್ರೋಟೀನಿನ ಜೀನಿದು. 2006ರಲ್ಲಿ ಇದರಲ್ಲಿ ಕಂಡ ಮಾರ್ಪಾಡು ವಿಶೇಷವಾದದ್ದು, ಏಕೆಂದರೆ ಅದು ಕಾಯಿಲೆಯನ್ನು ತರುವುದಿಲ್ಲ, ಕಾಯುತ್ತದೆ. 381ನೆಯ ಜಾಗದಲ್ಲಿ ಆರ್ಜಿನಿನ್ ಬದಲು ಗ್ಲುಟಮಿನ್ ಇರುವವರಲ್ಲಿ ಕ್ರೋನ್ಸ್‌ನ ಅಪಾಯ ಅರ್ಧಕ್ಕೂ ಕಡಿಮೆ. ಕೊಲೈಟಿಸ್‌ನಿಂದಲೂ ರಕ್ಷಣೆಯುಂಟು, ಪ್ರಮಾಣ ಮಾತ್ರ ಕಡಿಮೆ. ಪ್ರಕೃತಿಯೇ ನಡೆಸಿದ ಔಷಧ ಪರೀಕ್ಷೆಯೆಂದು ಇದನ್ನು ಕರೆಯಬಹುದು: ಈ ಸಂದೇಶದ ದಾರಿ ಹುಟ್ಟಿನಿಂದಲೇ ಸ್ವಲ್ಪ ಮಂದವಾಗಿರುವವರು ಬೇರೆಯವರಂತೆ ಆರೋಗ್ಯವಾಗಿ ಬದುಕುತ್ತಾರೆ, ಕರುಳಿನ ಉರಿಯೂತ ಮಾತ್ರ ಅವರಿಗೆ ಕಡಿಮೆ. ಇಂಟರ್‌ಲ್ಯೂಕಿನ್-12 ಮತ್ತು 23 ಎರಡನ್ನೂ ತಡೆಯುವ ಉಸ್ಟೆಕಿನುಮ್ಯಾಬ್ ಅಮೆರಿಕದಲ್ಲಿ 2016ರಲ್ಲಿ ಕ್ರೋನ್ಸ್‌ಗೆ, 2019ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೆ ಅನುಮತಿ ಪಡೆಯಿತು. 23ನ್ನು ಮಾತ್ರ ತಡೆಯುವ ರಿಸಾಂಕಿಜುಮ್ಯಾಬ್‌ನಂಥ ಔಷಧಗಳೂ ಆಮೇಲೆ ಎರಡೂ ಕಾಯಿಲೆಗಳಿಗೆ ಬಂದವು. ಜೀನು ಹಂಚಿಕೊಂಡದ್ದಾದರೆ ಔಷಧವೂ ಹಂಚಿಕೆಯಾಗಬಹುದು ಎಂಬ ನಿರೀಕ್ಷೆ ಇಲ್ಲಿ ಸುಳ್ಳಾಗಲಿಲ್ಲ.

ಆದರೆ ಈ ತರ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದವರು ಪೆಟ್ಟು ತಿಂದರು. ಇಂಟರ್‌ಲ್ಯೂಕಿನ್-23ರ ನಂತರದ ಮೆಟ್ಟಿಲು ಇಂಟರ್‌ಲ್ಯೂಕಿನ್-17. ಅದನ್ನು ತಡೆದರೂ ಗುಣವಾಗಬೇಕಲ್ಲ ಎಂದು ಸೆಕುಕಿನುಮ್ಯಾಬ್ ಅನ್ನು ಕ್ರೋನ್ಸ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಔಷಧ ಫಲಿಸಲಿಲ್ಲ, ಸಾಲದ್ದಕ್ಕೆ ಹುಸಿ ಔಷಧ ಪಡೆದವರಿಗಿಂತ ಅದನ್ನು ಪಡೆದವರಲ್ಲಿ ತೊಂದರೆಗಳು ಹೆಚ್ಚಾಗಿದ್ದವು. ಇಂಟರ್‌ಲ್ಯೂಕಿನ್-17 ಕರುಳಿನ ಒಳಪದರವನ್ನು ಕಾಪಾಡುವ ಕೆಲಸವನ್ನೂ ಮಾಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಜೀನು ತೋರಿಸಿದ ಬಾಗಿಲು ಬೇರೆ, ಅದರ ಪಕ್ಕದ ಬಾಗಿಲು ಬೇರೆ.

ಧೂಮಪಾನದ ಮಾತು ಬಂದಾಗ ಜೀನುಗಳಲ್ಲೂ ಎದುರುಬದುರು ದಿಕ್ಕು ಇದೆ ಎಂದೆನಲ್ಲ, ಅದು ಇದೇ 2012ರ ಪಟ್ಟಿಯಲ್ಲಿ ಸಿಗುತ್ತದೆ. ಕ್ರೋನ್ಸ್‌ನ ಅಪಾಯ ಹೆಚ್ಚಿಸುವ ನಾಡ್2 ಮಾರ್ಪಾಡುಗಳು ಅಲ್ಸರೇಟಿವ್ ಕೊಲೈಟಿಸ್‌ನ ಅಪಾಯವನ್ನು ಅಲ್ಪಸ್ವಲ್ಪ ಕಡಿಮೆಯೇ ಮಾಡುತ್ತವೆ. ಪಿಟಿಪಿಎನ್22 ಎಂಬ ಜೀನಿನದ್ದೂ ಇದೇ ಕತೆ. ಈ ಎರಡನೆಯದರ ಸ್ವಭಾವ ಇನ್ನೂ ತಿರುವುಮುರುವಾದದ್ದು: ಟೈಪ್ 1 ಮಧುಮೇಹ ಮತ್ತು ರುಮಟಾಯ್ಡ್ ಸಂಧಿವಾತಗಳನ್ನು ಹೆಚ್ಚಿಸುವ ರೂಪವೇ ಕ್ರೋನ್ಸ್‌ನಿಂದ ರಕ್ಷಿಸುತ್ತದೆ. ಒಳ್ಳೆಯ ಜೀನು, ಕೆಟ್ಟ ಜೀನು ಎಂದು ವಿಂಗಡಿಸುವವರು ಇದನ್ನು ಯಾವ ಬುಟ್ಟಿಗೆ ಹಾಕುತ್ತಾರೋ ನನಗೆ ತಿಳಿಯದು.

ಈಗ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಕೆಲಸಕ್ಕೆ ಬರುತ್ತೇನೆ. ಇದುವರೆಗೆ ಹೇಳಿದ ಅಧ್ಯಯನಗಳೆಲ್ಲ ರೋಗಿಗಳನ್ನು ಮೊದಲೇ ಕ್ರೋನ್ಸ್, ಕೊಲೈಟಿಸ್ ಎಂದು ಎರಡು ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಜೀನುಗಳನ್ನು ಎಣಿಸಿದವು. ಆ ಎರಡು ಸಾಲುಗಳೇ ಸರಿಯೇ ಎಂಬ ಪ್ರಶ್ನೆಯನ್ನು 2016ರಲ್ಲಿ ಇಸಾಬೆಲ್ ಕ್ಲೈನೆನ್ ಮತ್ತು ಸಂಗಡಿಗರು ಕೈಗೆತ್ತಿಕೊಂಡರು. ಸುಮಾರು 30,000 ರೋಗಿಗಳ ಜೀನುಗಳನ್ನು, ಅವರ ಕಾಯಿಲೆ ಕರುಳಿನ ಯಾವ ಭಾಗದಲ್ಲಿದೆ, ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾವ ತೊಡಕುಗಳು ಬಂದವು ಎಂಬ ವಿವರಗಳ ಜೊತೆಗಿಟ್ಟು ನೋಡಿದರು. ಅವರಿಗೆ ಕಂಡದ್ದು, ಜೀನುಗಳ ಲೆಕ್ಕಕ್ಕೆ ಎರಡು ಗುಂಪುಗಳಿಗಿಂತ ಮೂರು ಗುಂಪುಗಳು ಚೆನ್ನಾಗಿ ಹೊಂದುತ್ತವೆ ಎಂಬುದು: ಇಲಿಯಂನ ಕ್ರೋನ್ಸ್, ದೊಡ್ಡ ಕರುಳಿನ ಕ್ರೋನ್ಸ್, ಮತ್ತು ಅಲ್ಸರೇಟಿವ್ ಕೊಲೈಟಿಸ್. ಈ ಮೂರರಲ್ಲಿ ದೊಡ್ಡ ಕರುಳಿನ ಕ್ರೋನ್ಸ್‌ನ ಜಾಗ ಉಳಿದೆರಡರ ನಡುವೆ. 1960ರಲ್ಲಿ ಸೂಕ್ಷ್ಮದರ್ಶಕದ ಆಧಾರದಿಂದ ಕ್ರೋನ್ಸ್‌ನ ಕಡೆಗೆ ಸೇರಿಸಿದ ಕಾಯಿಲೆ ಜೀನುಗಳ ಕಣ್ಣಿನಲ್ಲಿ ಇಬ್ಬರಿಗೂ ಅರ್ಧರ್ಧ ನೆಂಟ. ಡಿಆರ್‌ಬಿ1 01:03 ಕೂಡ ದೊಡ್ಡ ಕರುಳಿನ ಕ್ರೋನ್ಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಇಲಿಯಂನದರಲ್ಲಿ ಅದರ ಪ್ರಭಾವ ಅಷ್ಟಿಲ್ಲ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನಾಡ್2ರ ಬಗ್ಗೆ ಬಹಳ ಕಾಲ ನಂಬಿದ್ದ ಮಾತೊಂದನ್ನು ತಿದ್ದಿತು. ನಾಡ್2 ಮಾರ್ಪಾಡು ಇದ್ದವರಲ್ಲಿ ಕರುಳು ಕಿರಿದಾಗುವ ತೊಡಕು ಹೆಚ್ಚು ಎಂದು ಅನೇಕ ಕಡೆ ವರದಿಯಾಗಿತ್ತು. ಕಾಯಿಲೆಯ ಜಾಗ ಮತ್ತು ಶುರುವಾದ ವಯಸ್ಸನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಸಂಬಂಧ ಬಹುಮಟ್ಟಿಗೆ ಕರಗಿಹೋಯಿತು. ನಾಡ್2 ಕಾಯಿಲೆಯನ್ನು ಇಲಿಯಂನಲ್ಲಿ ಕೂರಿಸುತ್ತದೆ. ಇಲಿಯಂ ಮೊದಲೇ ಕಿರಿದಾದ ಕೊಳವೆಯಾದ್ದರಿಂದ ಅಲ್ಲಿ ಊತ ವರ್ಷಗಟ್ಟಲೆ ನಿಂತರೆ ದಾರಿ ಕಟ್ಟಿಕೊಳ್ಳುವುದು ಸುಲಭ. ರೋಗಿಯ ತೊಡಕುಗಳು ಕಾಲ ಕಳೆದಂತೆ ಬದಲಾಗುತ್ತವೆ, ಕಾಯಿಲೆಯ ಜಾಗ ಮಾತ್ರ ಬಹುತೇಕ ಜೀವನಪರ್ಯಂತ ಅಲ್ಲೇ ಉಳಿಯುತ್ತದೆ. ಹುಟ್ಟಿನಿಂದ ಬದಲಾಗದ ಜೀನು ಬದಲಾಗದ ಜಾಗದ ಜೊತೆ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಖಚಿತವಾಗಿ ಹೇಳಲಾಗದ ರೋಗಿಗಳ ಗುಂಪನ್ನು ನೆನಪಿಡಿ ಎಂದಿದ್ದೆ. ಜೀನುಗಳನ್ನೆಲ್ಲ ಕೂಡಿಸಿ ಒಂದು ಅಂಕ ಕೊಟ್ಟರೆ ಅವರ ಕಾಯಿಲೆ ಯಾವುದೆಂದು ಹೇಳಬಹುದಲ್ಲ ಎಂಬುದು ಸಹಜವಾದ ಆಸೆ. ಅಂಥ ಅಂಕವನ್ನು ಆ ತಂಡ ಹಾಕಿಯೂ ನೋಡಿತು. ಇಲಿಯಂನ ಕ್ರೋನ್ಸ್ ಮತ್ತು ದೊಡ್ಡ ಕರುಳಿನ ಕ್ರೋನ್ಸ್ ರೋಗಿಗಳನ್ನು ಗುಂಪುಗಳಾಗಿ ಬೇರ್ಪಡಿಸಲು ಅದು ಸಮರ್ಥವಾಗಿತ್ತು. ಕೆಲವೇ ಕೆಲವು ರೋಗಿಗಳಲ್ಲಿ ಜೀನುಗಳ ಅಂಕ ಒಂದು ಕಡೆ, ಬರೆದಿಟ್ಟ ಕಾಯಿಲೆಯ ಹೆಸರು ಇನ್ನೊಂದು ಕಡೆ ಇತ್ತು. ಅವರ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗ, ಉಳಿದವರಿಗೆ ಹೋಲಿಸಿದರೆ ಅವರಲ್ಲಿ ವೈದ್ಯರೇ ನಂತರ ಹೆಸರನ್ನು ಬದಲಿಸಿದ್ದು ಹೆಚ್ಚಾಗಿತ್ತು. ಇದು ಮೆಚ್ಚತಕ್ಕ ಸಂಗತಿ. ಆದರೆ ಗುಂಪುಗಳನ್ನು ಬೇರ್ಪಡಿಸುವುದೇ ಬೇರೆ, ಎದುರಿಗೆ ಕುಳಿತ ಒಬ್ಬ ರೋಗಿಗೆ ತೀರ್ಪು ಹೇಳುವುದೇ ಬೇರೆ. ಒಬ್ಬೊಬ್ಬರ ಮಟ್ಟಿಗೆ ಅಂಕಗಳು ಒಂದರ ಮೇಲೊಂದು ಹಾಯುತ್ತವೆ. ಅದರಿಂದಾಗಿ ಇವತ್ತಿಗೂ ಕಾಯಿಲೆಯ ಹೆಸರು ನಿರ್ಧಾರವಾಗುವುದು ಕೊಲೊನೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್ ಮತ್ತು ರೋಗಿಯ ಮಾತಿನಿಂದಲೇ.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಈ ಅಂಕಗಳು ಹುಟ್ಟಿದ್ದು ಹೆಚ್ಚಾಗಿ ಯುರೋಪಿಯನ್ ಮೂಲದವರ ಮಾಹಿತಿಯಿಂದ. ನಾಡ್2ರ ಆ ಮೂರು ಪ್ರಸಿದ್ಧ ಮಾರ್ಪಾಡುಗಳು ಜಪಾನ್, ಚೀನಾ, ಕೊರಿಯಾಗಳ ರೋಗಿಗಳಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಅಲ್ಲಿ ಕ್ರೋನ್ಸ್‌ಗೆ ಬಲವಾಗಿ ಸೇರಿಕೊಂಡಿರುವ ಜೀನು ಟಿಎನ್‌ಎಫ್‌ಎಸ್‌ಎಫ್15. 2005ರಲ್ಲಿ ಜಪಾನಿನ ಸಂಶೋಧಕರು ಅದನ್ನು ಗುರುತಿಸಿದರು. ಆ ಜೀನು ತಯಾರಿಸುವ ಟಿಎಲ್1ಎ ಎಂಬ ಪ್ರೋಟೀನನ್ನು ತಡೆಯುವ ಔಷಧಗಳು ಈಗ ಎರಡೂ ಕಾಯಿಲೆಗಳ ರೋಗಿಗಳ ಮೇಲೆ ಪ್ರಯೋಗದ ಹಂತದಲ್ಲಿವೆ. ಒಂದು ಜನಸಮುದಾಯದಲ್ಲಿ ಗುಡ್ಡದಂತೆ ಕಾಣುವ ಜೀನು ಇನ್ನೊಂದರಲ್ಲಿ ಸಮತಟ್ಟು ನೆಲವಾಗಿರಬಹುದು. ಆದರೂ ಬಹುತೇಕ ಸಾಮಾನ್ಯ ತಾಣಗಳು ಎಲ್ಲೆಡೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ ಎಂದು 2015ರ ಅಧ್ಯಯನವೊಂದು, ಯುರೋಪಿಯನ್ ಮೂಲದವರ ಜೊತೆಗೆ ಪೂರ್ವ ಏಷ್ಯಾ, ಭಾರತ ಮತ್ತು ಇರಾನಿನವರನ್ನೂ ಸೇರಿಸಿಕೊಂಡು, ತೋರಿಸಿತು.

ಸಭೆಯಿಂದ ಒಂದು ಚೀಟಿ ಬಂದಿದೆ: ಹಾಗಾದರೆ ಜೀನು ಪರೀಕ್ಷೆಯಿಂದ ಯಾರಿಗೂ ಪ್ರಯೋಜನವಿಲ್ಲವೇ? ಇದೆ, ಎರಡು ಕಡೆ ಖಂಡಿತವಾಗಿ ಇದೆ.

ಮೊದಲನೆಯದು ತೀರ ಎಳೆಯ ಮಕ್ಕಳು. ಆರು ವರ್ಷದೊಳಗೆ, ಅದರಲ್ಲೂ ಹುಟ್ಟಿದ ಮೊದಲ ತಿಂಗಳುಗಳಲ್ಲೇ, ಉಗ್ರವಾದ ಕರುಳಿನ ಉರಿಯೂತ ಬಂದರೆ ನಾನು ಇದುವರೆಗೆ ಹೇಳಿದ ನೂರಾರು ಚಿಕ್ಕ ಜೀನುಗಳ ಲೆಕ್ಕ ಅಲ್ಲಿ ಪೂರ್ತಿ ಅನ್ವಯಿಸುವುದಿಲ್ಲ. ಅಂಥ ಕೆಲವು ಮಕ್ಕಳಲ್ಲಿ ಒಂದೇ ಜೀನು ಪೂರ್ತಿ ಕೆಟ್ಟಿರುತ್ತದೆ. 2009ರಲ್ಲಿ ಇಂಟರ್‌ಲ್ಯೂಕಿನ್-10ರ ಗ್ರಾಹಕದ ಜೀನುಗಳು ಎರಡೂ ಪ್ರತಿಗಳಲ್ಲಿ ಕೆಟ್ಟಿರುವ ಮಕ್ಕಳ ವಿವರ ಪ್ರಕಟವಾಯಿತು. ಇಂಟರ್‌ಲ್ಯೂಕಿನ್-10 ಉರಿಯೂತವನ್ನು ತಣಿಸುವ ಸಂದೇಶ. ಅದನ್ನು ಕೇಳಿಸಿಕೊಳ್ಳಲಾಗದ ಕರುಳಿನಲ್ಲಿ ಉರಿ ಆರುವುದೇ ಇಲ್ಲ, ಸ್ಟೀರಾಯ್ಡ್ ಕೊಟ್ಟರೂ ಅಷ್ಟೆ. ರೋಗನಿರೋಧಕ ಕೋಶಗಳು ಹುಟ್ಟುವುದು ಅಸ್ಥಿಮಜ್ಜೆಯಲ್ಲಾದ್ದರಿಂದ, ಬೇರೊಬ್ಬರ ರಕ್ತದ ಮೂಲಕೋಶಗಳನ್ನು ಕಸಿ ಮಾಡಿದಾಗ ಆ ಅಧ್ಯಯನದ ಮಗುವಿನ ಕಾಯಿಲೆ ಹತೋಟಿಗೆ ಬಂತು. ಇಂಥ ಮಗುವಿಗೆ ಕಾಯಿಲೆಯನ್ನು ಕ್ರೋನ್ಸ್ ಎನ್ನಬೇಕೋ ಕೊಲೈಟಿಸ್ ಎನ್ನಬೇಕೋ ಎಂಬ ಚರ್ಚೆಗಿಂತ ಕೆಟ್ಟ ಜೀನಿನ ಹೆಸರು ತಿಳಿಯುವುದೇ ಮುಖ್ಯ, ಏಕೆಂದರೆ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಎರಡನೆಯದು ಔಷಧದ ಸುರಕ್ಷತೆ. ಎರಡೂ ಕಾಯಿಲೆಗಳಲ್ಲಿ ಅಜಾಥಿಯೋಪ್ರಿನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು ಈಗಲೂ ಬಳಸುತ್ತಾರೆ. ಕೆಲವರಲ್ಲಿ ಅದು ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಿಬಿಡುತ್ತದೆ. ಯುರೋಪಿಯನ್ ಮೂಲದವರಲ್ಲಿ ಇದಕ್ಕೆ ಕಾರಣವಾಗುವ ಟಿಪಿಎಂಟಿ ಎಂಬ ಜೀನಿನ ಬಗ್ಗೆ ಬಹಳ ಹಿಂದೆಯೇ ತಿಳಿದಿತ್ತು, ಆದರೆ ಏಷ್ಯಾದ ರೋಗಿಗಳಲ್ಲಿ ಟಿಪಿಎಂಟಿ ಸರಿಯಿದ್ದೂ ರಕ್ತಕಣಗಳು ಕುಸಿಯುತ್ತಿದ್ದವು. 2014ರಲ್ಲಿ ಕೊರಿಯಾದ ಕ್ರೋನ್ಸ್ ರೋಗಿಗಳ ಅಧ್ಯಯನದಿಂದ ಎನ್‌ಯುಡಿಟಿ15 ಎಂಬ ಜೀನು ಬೆಳಕಿಗೆ ಬಂದು ಈ ಒಗಟು ಬಿಡಿಸಿತು. ಅದರ ಎರಡೂ ಪ್ರತಿಗಳಲ್ಲಿ ಮಾರ್ಪಾಡು ಇರುವವರಿಗೆ ಸಾಮಾನ್ಯ ಪ್ರಮಾಣದ ಮಾತ್ರೆಯೂ ವಿಷವಾಗಬಲ್ಲದು; ಕೂದಲು ಒಮ್ಮೆಲೇ ಉದುರತೊಡಗುವುದು ಅದರ ಒಂದು ಗುರುತು. ಈ ಮಾರ್ಪಾಡು ಪೂರ್ವ ಏಷ್ಯಾದವರಲ್ಲಿ ಮತ್ತು ದಕ್ಷಿಣ ಏಷ್ಯಾದವರಲ್ಲಿ ಸಾಕಷ್ಟು ಜನರಲ್ಲಿದೆ. ಹಾಗಾಗಿ, ನನಗೆ ಕ್ರೋನ್ಸ್ ಬರುತ್ತದೆಯೇ ಎಂದು ತಿಳಿಯಲು ಯಾರಾದರೂ ನಾಡ್2 ಪರೀಕ್ಷೆ ಮಾಡಿಸಲು ಹೊರಟರೆ ಬೇಡವೆನ್ನುತ್ತೇನೆ. ಆದರೆ ಎರಡರಲ್ಲಿ ಯಾವುದೇ ಕಾಯಿಲೆಗೆ ಅಜಾಥಿಯೋಪ್ರಿನ್ ಶುರುಮಾಡುವ ಮೊದಲು ಎನ್‌ಯುಡಿಟಿ15 ಮತ್ತು ಟಿಪಿಎಂಟಿ ಪರೀಕ್ಷೆ ಆಗಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಮತ್ತು ಪರೀಕ್ಷೆಯ ಫಲಿತಾಂಶ ಏನೇ ಬಂದರೂ ಮೊದಲ ವಾರಗಳಲ್ಲಿ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ.